ಕೆಲಸ ಗೊತ್ತು, ಉದ್ಯಮ ಗೊತ್ತಾ?

ಇಂಟರ್‌ವ್ಯೂ ತಗೊಳ್ಳೋಕೆ ಕೂತಾಗೆಲ್ಲ ನಾನು ಒಂದು ಪ್ರಶ್ನೆ ಕೇಳೇ ಕೇಳ್ತೀನಿ. ನೀವು ಬರೆದಿರೋ ಈ ಸಾಫ್ಟ್‌ವೇರ್‌ನ ದಿನಾ ಬಳಸೋರು ಯಾರು, ಅವ್ರ ಶಿಫ್ಟ್ ಹೇಗೆ ಶುರುವಾಗತ್ತೆ? ಅಲ್ಲೀವರೆಗೂ ಪಟಪಟ ಅಂತ ಉತ್ತರ ಕೊಡ್ತಿದ್ದೋರು, ಡೇಟಾಬೇಸು ಕ್ಲೌಡು ಸೆಕ್ಯೂರಿಟಿ ಎಲ್ಲಾ ಅರೆದು ಕುಡಿದಿರೋರು, ಇಲ್ಲಿಗೆ ಬರೋ ಹೊತ್ತಿಗೆ ತಡವರಿಸ್ತಾರೆ. "ಅದನ್ನ ಬಿಸಿನೆಸ್ ಟೀಮ್ ನೋಡ್ಕೊಳ್ತಿತ್ತು ಸರ್" ಅಂತಾರೆ. ಹತ್ತು ಹನ್ನೆರಡು ವರ್ಷ ಒಂದೇ ಉದ್ಯಮಕ್ಕೆ ಕೆಲಸ ಮಾಡಿರ್ತಾರೆ, ಆ ಉದ್ಯಮ ದುಡ್ಡು ಹೇಗೆ ಮಾಡತ್ತೆ, ಎಲ್ಲಿ ಕಳ್ಕೊಳ್ಳತ್ತೆ ಅನ್ನೋದು ಮಾತ್ರ ಅವ್ರ ಹತ್ರ ಬಂದೇ ಇರಲ್ಲ. ಇದ್ರಲ್ಲಿ ಅವ್ರ ತಪ್ಪು ಅಂತ ನಂಗೆ ಅನ್ನಿಸಲ್ಲ, ಯಾರೂ ಅವ್ರನ್ನ ಕರ್ಕೊಂಡು ಹೋಗಿ ತೋರಿಸಿಲ್ಲ ಅಷ್ಟೇ. ಆದ್ರೂ ಪ್ರತಿ ಸಲ ಇಂಟರ್‌ವ್ಯೂ ಮುಗಿಸಿ ಎದ್ದಾಗ ಇದೊಂದು ಮನಸ್ಸಲ್ಲಿ ಕೊರೀತಾ ಇರತ್ತೆ.

ಯಾಕಂದ್ರೆ ನಾನು ನೋಡಿರೋ ಹಾಗೆ, ಕೆಲಸದಲ್ಲಿ ನಿಜವಾಗ್ಲೂ ಮೇಲೆ ಬಂದೋರು, ಅಂದ್ರೆ ದೊಡ್ಡ ಹುದ್ದೆಗೆ ಹೋದೋರು ಅಂತಲ್ಲ, ಗಂಟು ಬಿದ್ದ ವಿಷಯ ಬಂದಾಗ ಎಲ್ರೂ ಯಾರ ಟೇಬಲ್ ಹತ್ರ ಹೋಗ್ತಾರೋ ಅಂಥೋರು, ತಮ್ಮ ಹತ್ಯಾರಿನ ಜೊತೆಗೆ ತಮ್ಮ ಉದ್ಯಮನೂ ಬಲ್ಲೋರು. ತಮ್ಮ ಟೇಬಲ್ಲಿಗೆ ಬರೋ ಮುಂಚೆ ಈ ಕಾಗದ ಎಲ್ಲಿತ್ತು, ಇಲ್ಲಿಂದ ಎದ್ದ ಮೇಲೆ ಎಲ್ಲಿಗೆ ಹೋಗತ್ತೆ, ಅಲ್ಲಿ ಇದಕ್ಕೋಸ್ಕರ ಯಾರು ಕಾಯ್ತಾ ಇರ್ತಾರೆ ಅನ್ನೋದು ಅವ್ರಿಗೆ ಬಾಯಲ್ಲೇ ಇರತ್ತೆ. ಇನ್ನೋವೇಶನ್ ಅಂತ ನಾವೆಲ್ಲ ದೊಡ್ಡದಾಗಿ ಮಾತಾಡ್ತೀವಲ್ಲ, ಅದು ಹುಟ್ಟೋದು ಕೂಡ ಆ ತಿಳಿವಳಿಕೆಯಿಂದಾನೇ ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ನಾನಿರೋದು ಗೋಡೌನು ಮತ್ತೆ ಸರಕು ಸಾಗಣೆಗೆ ಸಾಫ್ಟ್‌ವೇರ್ ಮಾಡೋ ಕೆಲಸದಲ್ಲಿ, ಹಾಗಾಗಿ ಮಾತೆಲ್ಲ ಅಲ್ಲಿಂದಾನೇ ಬರತ್ತೆ, ನಿಮ್ಮ ಕ್ಷೇತ್ರ ಬೇರೆ ಆದ್ರೆ ಆ ಜಾಗಕ್ಕೆ ನಿಮ್ಮದನ್ನ ಇಟ್ಕೊಂಡು ಓದಿ.

ಬೀಪ್ ಅನ್ನದ ಲೇಬಲ್ಲು

ನಮ್ಮ ಟೀಮಲ್ಲಿ ಒಬ್ರು ಮೇಡಂ ಇದ್ರು, ನನಗಿಂತ ಸೀನಿಯರ್. ಒಂದು ಗೋಡೌನಿಂದ ತುಂಬ ದಿನದಿಂದ ಒಂದೇ ದೂರು ಬರ್ತಿತ್ತು, "ಸ್ಕ್ಯಾನರ್ ಸ್ಲೋ". ನೆಟ್‌ವರ್ಕ್ ನೋಡಿದ್ದಾಯ್ತು, ಆಪ್ ಅಪ್‌ಡೇಟ್ ಮಾಡಿದ್ದಾಯ್ತು, ಸ್ಕ್ಯಾನರ್‌ಗಳನ್ನೇ ಬದಲಾಯಿಸ್ಬೇಕು ಅನ್ನೋ ಮಾತು ನಡೀತಾ ಇತ್ತು. ಮೇಡಂ ಮಾತ್ರ "ಒಂದು ಶಿಫ್ಟ್ ಅಲ್ಲಿ ನಿಂತು ನೋಡೋಣ ಬನ್ನಿ" ಅಂದ್ರು. ಹೋದ್ವಿ. ಲಾರಿ ಬಂದು ನಿಲ್ಲತ್ತೆ, ಫೋರ್ಕ್‌ಲಿಫ್ಟ್ ಓಡಿಸೋರು ಪ್ಯಾಲೆಟ್, ಅಂದ್ರೆ ಸರಕು ಪೇರಿಸಿಟ್ಟ ಹಲಗೆ, ಎತ್ಕೊಂಡು ಬಂದು ಇಳಿಸ್ತಾರೆ. ಪ್ಯಾಲೆಟ್ ಸುತ್ತ ಪ್ಲಾಸ್ಟಿಕ್ ಫಿಲ್ಮ್ ಸುತ್ತಿರತ್ತೆ, ಲೇಬಲ್ ಆ ಫಿಲ್ಮಿನ ಒಳಗೆ, ಅದೂ ಆ ಕಡೆ ಮಗ್ಗುಲಲ್ಲಿ, ನೆಲದಿಂದ ಒಂದು ಗೇಣು ಮೇಲೆ. ಆತ ಗಾಡಿಯಿಂದ ಇಳಿದು, ಸುತ್ತು ಹಾಕಿ ಬಂದು, ಬಗ್ಗಿ ಸ್ಕ್ಯಾನರ್ ಹಿಡೀತಾರೆ. ಬೀಪ್ ಬರಲ್ಲ. ಫಿಲ್ಮ್ ಸುಕ್ಕಾಗಿದೆ, ಮೇಲಿನ ಲೈಟು ಅದರ ಮೇಲೆ ಬಿದ್ದು ಹೊಳೀತಿದೆ. ಅಂಗೈಯಿಂದ ಸುಕ್ಕು ತೀಡಿ, ಸ್ಕ್ಯಾನರ್ ಓರೆ ಮಾಡಿ ಮತ್ತೆ ಹಿಡೀತಾರೆ, ಇಲ್ಲ. ಕೊನೆಗೆ ಗ್ಲೌಸನ್ನ ಹಲ್ಲಲ್ಲಿ ಕಚ್ಚಿ ಎಳೆದು, ಅದನ್ನ ಬಾಯಲ್ಲೇ ಹಿಡ್ಕೊಂಡು, ಬರೀ ಬೆರಳಲ್ಲಿ ಲೇಬಲ್ ಮೇಲಿರೋ 18 ಅಂಕಿಯ ನಂಬರನ್ನ ಒಂದೊಂದಾಗಿ ಒತ್ತುತಾರೆ. ಒಂದು ಅಂಕಿ ಹೆಚ್ಚುಕಮ್ಮಿ ಆಯ್ತಾ, ಮೊದಲಿಂದ ಶುರು. ಹಿಂದೆ ಇನ್ನೂ ಎರಡು ಗಾಡಿ ಕಾಯ್ತಾ ನಿಂತಿವೆ.

ಮೇಡಂ ಅವ್ರನ್ನ ಕೇಳಿದ್ದು ಎರಡೇ ಮಾತು. "ಅಣ್ಣಾ, ಎಲ್ಲಾ ಲೋಡೂ ಹೀಗೇನಾ?" "ಇಲ್ಲ ಮೇಡಂ, ಕೆಲವು ಫ್ಯಾಕ್ಟರಿದು ಸಲೀಸಾಗಿ ಬೀಪ್ ಅನ್ನತ್ತೆ, ಇವರದು ಯಾವಾಗ್ಲೂ ಇದೇ ಗೋಳು." ಅಷ್ಟು ಸಾಕಾಯ್ತು ಅವ್ರಿಗೆ. ಆಫೀಸಿಗೆ ಬಂದು ಲೇಬಲ್‌ಗಳ ಬಗ್ಗೆ ಜಿಎಸ್1 ಸಂಸ್ಥೆಯ ಗೈಡ್‌ಲೈನ್ ತೆಗೆದಿಟ್ರು. ಜಗತ್ತಿನ ಬಾರ್‌ಕೋಡ್ ನಂಬರುಗಳ ವ್ಯವಸ್ಥೆ ನೋಡ್ಕೊಳ್ಳೋ ಸಂಸ್ಥೆ ಅದು, ನಮ್ಮ ಉದ್ಯಮದಲ್ಲಿ ಅದರ ಹೆಸರು ಗೊತ್ತಿಲ್ಲದೋರು ಇಲ್ಲ, ಅದರ ದಾಖಲೆ ಬಿಚ್ಚಿ ಓದಿದೋರು ಮಾತ್ರ ತೀರಾ ಕಮ್ಮಿ. ಅದ್ರಲ್ಲಿ ಸ್ಪಷ್ಟವಾಗಿ ಬರೆದಿದೆ, ಪ್ಯಾಲೆಟ್ ಲೇಬಲ್ಲಿನ ಬಾರ್‌ಕೋಡು ತಳದಿಂದ 400ರಿಂದ 800 ಮಿಲಿಮೀಟರ್ ಎತ್ತರದಲ್ಲಿರ್ಬೇಕು, ಒಂದೇ ಲೇಬಲ್ಲನ್ನ ಅಕ್ಕಪಕ್ಕದ ಎರಡು ಮಗ್ಗುಲಿಗೆ ಅಂಟಿಸಿದ್ರೆ ಒಳ್ಳೇದು ಅಂತ. ನಾವು ಹೊಸ ಸ್ಕ್ಯಾನರಲ್ಲಿ ಹುಡುಕ್ತಿದ್ದ ಉತ್ತರ ಎಷ್ಟೋ ವರ್ಷದಿಂದ ಅಲ್ಲೇ ಅಚ್ಚಾಗಿ ಕೂತಿತ್ತು! ಕಳಿಸೋ ಫ್ಯಾಕ್ಟರಿಯೋರ ಜೊತೆ ಮಾತಾಡಿ, ಫಿಲ್ಮ್ ಸುತ್ತಿದ ಮೇಲೆ ಲೇಬಲ್ ಅಂಟಿಸೋ ಹಾಗೆ, ಅದೂ ಎರಡು ಕಡೆ, ಅಂತ ಒಪ್ಪಿಸಿದ್ರು.

ಇಲ್ಲೀವರೆಗೆ ಇದ್ದಿದ್ದು ತಿಳಿವಳಿಕೆ. ಆಮೇಲೆ ಅವ್ರು ಮಾಡಿದ್ದಿದ್ಯಲ್ಲ, ಅದನ್ನ ನಾನು ಇನ್ನೋವೇಶನ್ ಅಂತೀನಿ. ಕೈಯಲ್ಲಿ ಟೈಪ್ ಮಾಡಿದ ಪ್ರತಿ ನಂಬರೂ ಒಂದು ದೂರು ಅಂತ ಅವ್ರು ಲೆಕ್ಕ ಹಾಕಿದ್ರು. ಯಾರೂ ದೂರಿನ ಟಿಕೆಟ್ ಹಾಕೋದು ಬೇಡ, ಫೋನ್ ಮಾಡೋದು ಬೇಡ, ಸ್ಕ್ಯಾನ್ ಆಗದೆ ಟೈಪ್ ಆದ ಕೂಡ್ಲೇ ಅದು ಯಾವ ಫ್ಯಾಕ್ಟರಿಯ ಪ್ಯಾಲೆಟ್ ಅಂತ ಸಿಸ್ಟಮ್ಮೇ ಬರೆದಿಟ್ಕೊಳ್ಳತ್ತೆ, ವಾರಕ್ಕೊಂದ್ಸಲ ಆ ಪಟ್ಟಿ ಆಯಾ ಫ್ಯಾಕ್ಟರಿಗೆ ಹೋಗತ್ತೆ. ಬರೆದ ಕೋಡು ತೀರಾ ಚಿಕ್ಕದು, ಕಾಲೇಜು ಮುಗಿಸಿ ಬಂದ ಹುಡುಗರೂ ಬರೀಬಹುದು. ಆದ್ರೆ ಅದನ್ನೇ ಬರೀಬೇಕು ಅಂತ ಹೊಳೆಯೋಕೆ ಲಾರಿ ಬಂದು ಮಾಲು ಇಳಿಸೋ ಆ ಬೇಯಲ್ಲಿ ನಿಂತು, ಬಾಯಲ್ಲಿ ಗ್ಲೌಸ್ ಕಚ್ಕೊಂಡ ಮನುಷ್ಯನ್ನ ನೋಡಿರ್ಬೇಕು, ಜೊತೆಗೆ ಆ ಗೈಡ್‌ಲೈನೂ ಓದಿರ್ಬೇಕು. ಎರಡರಲ್ಲಿ ಒಂದೇ ಇದ್ದಿದ್ರೆ ಅದು ಆಗ್ತಾ ಇರ್ಲಿಲ್ಲ.

ಮರಳಲ್ಲಿ ಎಳೆದ ಗೆರೆ, ಅಚ್ಚಿನ ಮೆಷಿನ್ನಿನ ಮಸಿ

ಬಾರ್‌ಕೋಡಿನ ಕಥೆನೇ ಈ ಮಾತಿಗೆ ದೊಡ್ಡ ಸಾಕ್ಷಿ. 1948ರಲ್ಲಿ ಅಮೆರಿಕದ ಡ್ರೆಕ್ಸೆಲ್ ಸಂಸ್ಥೆಯಲ್ಲಿ ಓದ್ತಿದ್ದ ಬರ್ನಾರ್ಡ್ ಸಿಲ್ವರ್ ಕಿವಿಗೆ ಒಂದು ಮಾತು ಬಿತ್ತು, ದಿನಸಿ ಅಂಗಡಿಗಳ ಸರಣಿ ನಡೆಸೋರೊಬ್ರು ಬಂದು ಬಿಲ್ಲಿಂಗ್ ಜಾಗದಲ್ಲಿ ಸಾಮಾನಿನ ವಿವರ ತಾನಾಗೇ ದಾಖಲಾಗೋ ಹಾಗೆ ಏನಾದ್ರೂ ಮಾಡ್ಕೊಡಿ ಅಂತ ಡೀನ್ ಹತ್ರ ಕೇಳ್ತಾ ಇದ್ರು. ಸಿಲ್ವರ್ ಅದನ್ನ ಗೆಳೆಯ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್‌ಗೆ ಹೇಳಿದ್ರು. ವುಡ್‌ಲ್ಯಾಂಡ್ ಮಯಾಮಿಯ ಬೀಚಲ್ಲಿ ಕೂತು ಮೋರ್ಸ್ ಕೋಡಿನ ಚುಕ್ಕಿ ಗೆರೆಗಳನ್ನ ಯೋಚಿಸ್ತಾ ಬೆರಳನ್ನ ಮರಳಲ್ಲಿ ತಮ್ಮ ಕಡೆಗೆ ಎಳ್ಕೊಂಡ್ರು, ಅಲ್ಲಿ ಮೂಡಿದ ದಪ್ಪ ಸಣ್ಣ ಗೆರೆಗಳೇ ಬಾರ್‌ಕೋಡಿನ ಮೂಲ. 1949ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ್ರು, 1952ರಲ್ಲಿ ಸಿಕ್ತು. ಈ ಕಥೆನ ಎಲ್ರೂ ಇಲ್ಲಿಗೇ ನಿಲ್ಲಿಸ್ತಾರೆ, ನೋಡಿ ಬೀಚಲ್ಲಿ ಕೂತಾಗ ಐಡಿಯಾ ಬಂತು ಅಂತ. ನಂಗೆ ಅದಾದ್ಮೇಲಿನ ಇಪ್ಪತ್ತು ಚಿಲ್ಲರೆ ವರ್ಷ ಮುಖ್ಯ ಅನ್ಸತ್ತೆ. ಪೇಟೆಂಟ್ ಇತ್ತು, ಅಂಗಡಿಗೆ ಅದು ಬರ್ಲಿಲ್ಲ. ಓದೋಕೆ ಲೇಸರ್ ಬೇಕಿತ್ತು, ಅಗ್ಗದ ಕಂಪ್ಯೂಟರ್ ಬೇಕಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ತಯಾರಕರು ಅಂಗಡಿಯೋರು ಎಲ್ಲಾ ಸೇರಿ ಒಂದೇ ನಂಬರ್ ಪದ್ಧತಿ ಒಪ್ಕೋಬೇಕಿತ್ತು. ಆ ಒಪ್ಪಂದ ಆಗಿದ್ದು 1973ರಲ್ಲಿ. 1974ರ ಜೂನ್ 26ರಂದು ಒಹಾಯೋದ ಟ್ರಾಯ್ ಊರಿನ ಮಾರ್ಷ್ ಸೂಪರ್‌ಮಾರ್ಕೆಟ್ಟಲ್ಲಿ ರಿಗ್ಲೀ ಕಂಪನಿಯ ಚ್ಯೂಯಿಂಗ್ ಗಮ್ ಪೊಟ್ಟಣ ಮೊದಲ ಸಲ ಸ್ಕ್ಯಾನ್ ಆಯ್ತು.

ಇದ್ರಲ್ಲಿ ನಂಗೆ ತುಂಬ ಇಷ್ಟವಾಗೋ ಭಾಗ ಮಸಿದು. ಪೇಟೆಂಟಲ್ಲಿ ತೋರಿಸಿದ್ದ ಮುಖ್ಯ ಆಕಾರ ದುಂಡಗಿತ್ತು, ಒಂದರೊಳಗೊಂದು ಚಕ್ರಗಳು. ಯಾವ ಕಡೆಯಿಂದ ಹಿಡಿದ್ರೂ ಓದಬಹುದು, ಕಾಗದದ ಮೇಲೆ ಅದೇ ಚೆನ್ನಾಗಿದೆ ಅನ್ಸತ್ತೆ. ಆರ್‌ಸಿಎ ಕಂಪನಿ ಆ ದುಂಡನೆ ಕೋಡನ್ನೇ ಅಂಗಡಿಯಲ್ಲಿ ಪ್ರಯೋಗನೂ ಮಾಡ್ತು. ಆದ್ರೆ ಅಚ್ಚಿನ ಮೆಷಿನ್ ಓಡೋ ದಿಕ್ಕಿಗೆ ಮಸಿ ಸ್ವಲ್ಪ ಎಳೆಯತ್ತೆ, ದುಂಡನೆ ಗೆರೆ ಹಾಗೆ ಎಳೆದಾಗ ಪಕ್ಕದ ಗೆರೆಗೆ ಅಂಟ್ಕೊಂಡು ಓದೋಕೇ ಆಗಲ್ಲ. ಐಬಿಎಂನಲ್ಲಿದ್ದ ಜಾರ್ಜ್ ಲಾರರ್ ಉದ್ದುದ್ದ ನೇರ ಗೆರೆಗಳನ್ನ ಆರಿಸ್ಕೊಂಡ್ರು. ಗೆರೆಯ ದಿಕ್ಕಿಗೇ ಮಸಿ ಎಳೆದ್ರೆ ಏನಾಗತ್ತೆ ಹೇಳಿ, ಗೆರೆ ಇನ್ನೊಂದಿಷ್ಟು ಉದ್ದ ಆಗತ್ತೆ, ದಪ್ಪ ಆಗಲ್ಲ, ಓದೋಕೆ ತೊಂದ್ರೆ ಇಲ್ಲ. ಆಗ ವುಡ್‌ಲ್ಯಾಂಡ್ ಕೂಡ ಅದೇ ಐಬಿಎಂನಲ್ಲೇ ಇದ್ರು ಅನ್ನೋದು ಇನ್ನೂ ಚೆಂದ. ಇವತ್ತು ಜಗತ್ತಿನ ಪ್ರತಿ ಪ್ಯಾಕೆಟ್ ಮೇಲಿರೋ ಆಕಾರ ತೀರ್ಮಾನ ಆಗಿದ್ದು ಅಗ್ಗದ ಪ್ಯಾಕಿಂಗ್ ಅಚ್ಚು ಹಾಕೋ ಮೆಷಿನ್ನಲ್ಲಿ ಮಸಿ ಹೇಗೆ ಹರಡತ್ತೆ ಅನ್ನೋ, ಹೊರಗಿನೋರಿಗೆ ಬೇಜಾರು ಬರಿಸೋ ವಿವರದಿಂದ. ಆ ಥರ ವಿವರ ಕೂಡಿಟ್ಕೊಳ್ಳೋರನ್ನ ಕಂಡ್ರೆ ನಂಗೆ ಗೌರವ ತಾನಾಗೇ ಬರತ್ತೆ.

ತೆಗೀಬೇಕು ಅನ್ನಿಸೋ ಹೆಜ್ಜೆ

ಉದ್ಯಮ ಗೊತ್ತಿದ್ರೆ ಹೊಸದು ಹೊಳೆಯತ್ತೆ ಅನ್ನೋದು ಒಂದು ಕಡೆ, ಯಾವುದನ್ನ ಮುಟ್ಟಬಾರದು ಅನ್ನೋದೂ ಗೊತ್ತಾಗತ್ತೆ. ಕಂಟೇನರ್ ಬಾಗಿಲಿಗೆ ಸೀಲ್ ಹಾಕ್ತಾರಲ್ಲ, ಕಬ್ಬಿಣದ ಬೋಲ್ಟ್ ಥರ ಇರತ್ತೆ, ಅದರ ಮೇಲೊಂದು ನಂಬರ್ ಇರತ್ತೆ. ಆ ನಂಬರನ್ನ ಲೋಡಿಂಗ್ ಸೂಪರ್‌ವೈಸರ್ ಒಂದ್ಸಲ ಬರೀತಾರೆ, ಗೇಟಲ್ಲಿ ಸೆಕ್ಯೂರಿಟಿ ಇನ್ನೊಂದ್ಸಲ ಬರೀತಾರೆ, ಡ್ರೈವರ್ ನೋಡಿ ಸಹಿ ಹಾಕ್ತಾರೆ. ನಮ್ಮ ಟೀಮಿಗೆ ಹೊಸದಾಗಿ ಬಂದ ಹುಡುಗ, ತುಂಬ ಚುರುಕು, ಇದನ್ನ ನೋಡಿದ ತಕ್ಷಣ "ಒಂದೇ ನಂಬರ್ ಮೂರು ಸಲ ಯಾಕೆ ಸರ್, ಸಿಸ್ಟಮಲ್ಲಿ ಒಂದ್ಸಲ ಹಾಕಿದ್ರೆ ಮುಗೀತಲ್ಲ" ಅಂದ. ತರ್ಕ ಸರಿಯಾಗೇ ಇತ್ತು. ಅಲ್ಲಿನ ಸೂಪರ್‌ವೈಸರ್, ಇಡೀ ಆಯುಷ್ಯನೇ ಲೋಡಿಂಗ್ ಬೇಯಲ್ಲಿ ಕಳೆದೋರು, ಸಿಟ್ಟಾಗ್ಲಿಲ್ಲ. ಅವನ ಹೆಗಲ ಮೇಲೆ ಕೈ ಹಾಕಿ ಗೇಟ್ ತನಕ ಕರ್ಕೊಂಡು ಹೋದ್ರು.

"ನೋಡಪ್ಪಾ, ನಾನು ಬರೆದಿದ್ದೂ ಗೇಟಲ್ಲಿ ಬರೆದಿದ್ದೂ ಒಂದೇ ಇದ್ರೆ ಮಾಲು ನಮ್ಮ ಕಾಂಪೌಂಡ್ ದಾಟೋವರೆಗೆ ಬಾಗಿಲು ತೆಗೆದಿಲ್ಲ ಅಂತ ಆಯ್ತು. ಗೇಟಲ್ಲಿ ಬರೆದಿದ್ದೂ ಅಲ್ಲಿ ಇಳಿಸೋವಾಗ ಇರೋದೂ ಬೇರೆ ಇದ್ರೆ ಆಗಿದ್ದು ದಾರಿಯಲ್ಲಿ. ನೀನು ಒಂದೇ ಸಲ ಬರೆಸಿದ್ರೆ, ನಾಳೆ ಪೆಟ್ಟಿಗೆ ಕಮ್ಮಿ ಬಂತು ಅಂತ ಕ್ಲೇಮ್ ಬಂದಾಗ ಯಾರನ್ನ ಕೇಳ್ತೀಯ?" ಹುಡುಗ ಸ್ವಲ್ಪ ಹೊತ್ತು ಗೇಟ್ ಪುಸ್ತಕದ ಹಾಳೆ ತಿರುಗಿಸ್ತಾ ನಿಂತಿದ್ದ. ಆಮೇಲೆ ಅವನು ಕೇಳಿದ್ದು ಇನ್ನೂ ಒಳ್ಳೇ ಪ್ರಶ್ನೆ. "ಹಾಗಾದ್ರೆ ಸರ್, ಎರಡು ನಂಬರ್ ಬೇರೆ ಇದೆ ಅನ್ನೋದು ನಿಮಗೆ ಯಾವಾಗ ಗೊತ್ತಾಗತ್ತೆ?" ಕ್ಲೇಮ್ ಬಂದ ಮೇಲೆ ಪುಸ್ತಕ ಹುಡುಕಿದಾಗ, ಅಂತ ಉತ್ತರ ಬಂತು. ಅಂದ್ರೆ ಎಲ್ಲಾ ಮುಗಿದ ಮೇಲೆ. ಅವನು ಮೂರೂ ಹೆಜ್ಜೆನೂ ಉಳಿಸ್ಕೊಂಡ. ಬರೆಯೋ ಬದಲು ಮೂರೂ ಕಡೆ ಸೀಲಿನ ಫೋಟೋ, ಟೈಮಿನ ಜೊತೆ, ನಂಬರುಗಳನ್ನ ಸಿಸ್ಟಮ್ ಆಗಿಂದಾಗ್ಲೇ ತಾಳೆ ನೋಡತ್ತೆ, ಹೊಂದಿಲ್ಲ ಅಂದ್ರೆ ಗೇಟ್ ಪಾಸ್ ಪ್ರಿಂಟ್ ಆಗಲ್ಲ, ಲಾರಿ ಹೊರಡೋ ಮುಂಚೇನೇ ವಿಷಯ ಗೊತ್ತಾಗತ್ತೆ. ಆ ಹುಡುಗನ ಚುರುಕೂ ಬೇಕಿತ್ತು, ಆ ಹಿರಿಯರ ಅನುಭವನೂ ಬೇಕಿತ್ತು. ಇದು ಆಗಿದ್ದು ಅವನು ಎರಡನೇ ಪ್ರಶ್ನೆ ಕೇಳಿದ್ದಕ್ಕೆ, ಅವರು ಮೊದಲ ಪ್ರಶ್ನೆಗೆ ತಾಳ್ಮೆಯಿಂದ ಉತ್ತರ ಕೊಟ್ಟಿದ್ದಕ್ಕೆ. (ಹೊಸಬರು ಕೇಳೋ ಪ್ರಶ್ನೆಗೆ ರೇಗೋ ಸೀನಿಯರ್‌ಗಳು ಇದನ್ನ ಓದ್ತಾ ಇದ್ರೆ, ದಯವಿಟ್ಟು ಒಂದ್ಸಲ ಗೇಟ್ ತನಕ ಕರ್ಕೊಂಡು ಹೋಗಿ.)

ಗೆದ್ದ ತಿಳಿವಳಿಕೆಗೂ ವಯಸ್ಸಾಗತ್ತೆ

ಕಂಟೇನರ್ ಅಂದಮೇಲೆ ಮ್ಯಾಲ್ಕಮ್ ಮೆಕ್ಲೀನ್ ಹೆಸರು ಬರ್ಲೇಬೇಕು. ಆತ ಹಡಗಿನೋನಲ್ಲ, ಲಾರಿ ಕಂಪನಿ ಕಟ್ಟಿದೋನು. 1956ರ ಏಪ್ರಿಲ್ 26ರಂದು ಐಡಿಯಲ್ ಎಕ್ಸ್ ಅನ್ನೋ ಹಳೇ ತೈಲ ಹಡಗು 58 ಕಂಟೇನರ್ ಪೆಟ್ಟಿಗೆ ಹೊತ್ಕೊಂಡು ಅಮೆರಿಕದ ನ್ಯೂಅರ್ಕ್ ಬಂದರಿಂದ ಹ್ಯೂಸ್ಟನ್ ಕಡೆ ಹೊರಡ್ತು. ಬಿಡಿ ಸರಕನ್ನ ಹಡಗಿಗೆ ತುಂಬಿಸೋಕೆ ಆಗ ಟನ್ನಿಗೆ 5 ಡಾಲರ್ ಮೇಲೆ ಬೀಳ್ತಿತ್ತು, ಈ ಪೆಟ್ಟಿಗೆಗಳಿಗೆ ಬಿದ್ದಿದ್ದು 16 ಸೆಂಟಿಗೂ ಕಮ್ಮಿ. ಪೆಟ್ಟಿಗೆಯಲ್ಲಿ ಸರಕು ತುಂಬೋದು ಅವನಿಗಿಂತ ಮುಂಚೆನೂ ಬೇರೆಯೋರು ಮಾಡಿದ್ರು, ರೈಲಿನಲ್ಲೂ ಇತ್ತು. ಅವನಿಗೆ ಗೊತ್ತಿದ್ದಿದ್ದು ಬೇರೆ. ಹಡಗಿನೋರು ತಮ್ಮ ಕೆಲಸ ಹಡಗು ಓಡಿಸೋದು ಅಂದ್ಕೊಂಡಿದ್ರು, ಇವನು ಲಾರಿಯ ಕಡೆಯಿಂದ ನೋಡಿದ್ದಕ್ಕೆ ಕೆಲಸ ಅಂದ್ರೆ ಸರಕು ಈ ಬಾಗಿಲಿಂದ ಆ ಬಾಗಿಲಿಗೆ ತಲುಪಿಸೋದು ಅಂತ ಕಾಣ್ತು. ಹಾಗಾಗಿ ಲಾರಿ, ಪೆಟ್ಟಿಗೆ, ಕ್ರೇನು, ಹಡಗು ಎಲ್ಲಾನೂ ಒಟ್ಟಿಗೆ ಬದಲಾಯಿಸೋಕೆ ಕೈ ಹಾಕ್ದ. ಆಮೇಲೆ ತನ್ನ ಕಂಪನಿಯ ಹತ್ರ ಇದ್ದ, ಪೆಟ್ಟಿಗೆಯನ್ನ ಮೂಲೆಯಲ್ಲಿ ಹಿಡಿದೆತ್ತೋ ಜೋಡಣೆಯ ಪೇಟೆಂಟನ್ನೂ ಉದ್ಯಮಕ್ಕೆ ಬಿಟ್ಟುಕೊಟ್ಟ, ಎಲ್ಲರ ಪೆಟ್ಟಿಗೆನೂ ಎಲ್ಲರ ಕ್ರೇನಿಗೂ ಕೂರ್ಲಿ ಅಂತ.

ಅದೇ ಮೆಕ್ಲೀನ್ ಆಮೇಲೆ ನಡೆಸಿದ ಇನ್ನೊಂದು ಕಂಪನಿ 1986ರಲ್ಲಿ ದಿವಾಳಿ ಆಯ್ತು. ತೈಲದ ಬೆಲೆ ಮೇಲೇ ಇರತ್ತೆ ಅನ್ನೋ ಲೆಕ್ಕದಲ್ಲಿ, ನಿಧಾನವಾಗಿ ಹೋಗಿ ಇಂಧನ ಉಳಿಸೋ 12 ದೈತ್ಯ ಹಡಗುಗಳಿಗೆ ಆರ್ಡರ್ ಕೊಟ್ಟಿದ್ದ, ಅವು ನೀರಿಗಿಳಿಯೋ ಹೊತ್ತಿಗೆ ತೈಲದ ಬೆಲೆ ಕುಸೀತು, ಸರಕು ಬೇಗ ಬೇಕು ಅನ್ನೋ ಗಿರಾಕಿಗಳು ವೇಗದ ಹಡಗಿನೋರ ಕಡೆ ಹೋದ್ರು. ಜಗತ್ತಲ್ಲಿ ಆ ಉದ್ಯಮ ಅವನಷ್ಟು ಬಲ್ಲೋರು ಇರ್ಲಿಲ್ಲ, ಆದ್ರೂ ಹೀಗಾಯ್ತು. ಇದನ್ನ ನಾನು ಅವನ ಸೋಲು ಅಂತ ಓದಲ್ಲ. ಉದ್ಯಮದ ಬಗ್ಗೆ ನಮಗೆ ಗೊತ್ತಿರೋದ್ರ ತಳದಲ್ಲಿ ಕೆಲವು ಊಹೆಗಳು ಕೂತಿರ್ತವೆ, ಬೆಲೆ ಇಷ್ಟಿರತ್ತೆ, ಗಿರಾಕಿ ಇದನ್ನೇ ಕೇಳ್ತಾನೆ ಅಂತ, ಅವು ಅಲ್ಲಾಡಿದಾಗ ನಮಗೆ ಸದ್ದು ಕೇಳ್ಸಲ್ಲ. ಹತ್ತು ವರ್ಷದ ಹಿಂದೆ ಕಲಿತಿದ್ದನ್ನೇ ಅನುಭವ ಅಂತ ಹೇಳ್ಕೊಂಡು ಓಡಾಡೋದು ಅದಕ್ಕೇ ಅಪಾಯ.

ಕಲಿಯೋದೆಲ್ಲಿ

ಟೊಯೋಟಾದ ತೈಚಿ ಓನೋ ಫ್ಯಾಕ್ಟರಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಎಳೆದು, ಎಂಜಿನಿಯರ್‌ನ ಅದರೊಳಗೆ ನಿಲ್ಲಿಸಿ, ಗಂಟೆಗಟ್ಟಲೆ ಸುಮ್ನೆ ನೋಡು ಅಂತ ಬಿಟ್ಟು ಹೋಗ್ತಿದ್ರಂತೆ. ವಾಪಸ್ ಬಂದಾಗ ಏನು ಕಂಡೆ ಅಂತ ಕೇಳೋದು. ಕೋರ್ಸುಗಳ ಬಗ್ಗೆ ನಂಗೆ ವಿರೋಧ ಇಲ್ಲ, ಸರ್ಟಿಫಿಕೇಟ್ ಕೆಲಸದ ಬಾಗಿಲು ತೆಗೆಯತ್ತೆ, ಆದ್ರೆ ಒಳಗೆ ಹೋದ ಮೇಲೆ ಆ ವೃತ್ತದಲ್ಲಿ ನಿಂತೋರಿಗೆ ಸಿಗೋದು ಬೇರೆ ಯಾವ ಕೋರ್ಸಲ್ಲೂ ಸಿಗಲ್ಲ. ನಿಮ್ಮ ಹಿಂದಿನ ಹೆಜ್ಜೆಯೋರ ಜೊತೆ ಮತ್ತೆ ಮುಂದಿನ ಹೆಜ್ಜೆಯೋರ ಜೊತೆ ಕೂರಿ, ಅವ್ರು ಏನನ್ನ ಬೈಕೊಂಡು ಮಾಡ್ತಾರೆ ಅನ್ನೋದನ್ನ ನೋಡಿ. ಜನ ತಾವೇ ಮಾಡ್ಕೊಂಡಿರೋ ಒಳದಾರಿಗಳು, ಗೋಡೆಗೆ ಅಂಟಿಸಿದ ಚೀಟಿ, ಯಾರೋ ಗುಟ್ಟಾಗಿ ಇಟ್ಕೊಂಡಿರೋ ಎಕ್ಸೆಲ್ ಶೀಟು, ಇವೆಲ್ಲ ಅಧಿಕೃತ ವ್ಯವಸ್ಥೆ ಎಲ್ಲಿ ಸಾಲ್ತಿಲ್ಲ ಅಂತ ಹೇಳೋ ಗುರುತು. ದೂರುಗಳನ್ನ ಬಗೆಹರಿಸಿ ಮುಚ್ಚೋದು ಒಂದು, ಕೂತು ಒಟ್ಟಿಗೆ ಓದೋದು ಇನ್ನೊಂದು, ಎರಡನೇದನ್ನ ಮಾಡೋರು ಅಪರೂಪ. ವಾಪಸ್ ಬಂದ ಮಾಲಿನ ಕಾರಣಗಳು, ಕ್ಲೇಮ್ ಫೈಲುಗಳು, ನಿಮ್ಮ ಉದ್ಯಮದ ದೊಡ್ಡ ಕಂಪನಿಗಳ ವಾರ್ಷಿಕ ವರದಿಯಲ್ಲಿ ಅಪಾಯಗಳ ಬಗ್ಗೆ ಬರೆದಿರೋ ಪುಟಗಳು, ಸ್ಟ್ಯಾಂಡರ್ಡ್‌ಗಳ ದಾಖಲೆ, ಇವನ್ನೆಲ್ಲ ಓದೋಕೆ ಯಾರ ಅಪ್ಪಣೆನೂ ಬೇಡ. ಸ್ಟ್ಯಾಂಡರ್ಡ್ ಓದೋವಾಗ ನಂದೊಂದು ಅಭ್ಯಾಸ ಇದೆ, ಪ್ರತಿ ನಿಯಮದ ಹತ್ರ ನಿಂತು, ಇದನ್ನ ಬರೆಯೋ ಹಾಗೆ ಮಾಡಿದ ತೊಂದ್ರೆ ಏನಿದ್ದಿರಬಹುದು ಅಂತ ಕೇಳ್ಕೊಳ್ತೀನಿ. 400 ಮಿಲಿಮೀಟರ್ ಅನ್ನೋ ಅಂಕಿ ಆಗ ಅಂಕಿಯಾಗಿ ಉಳಿಯಲ್ಲ, ಬಗ್ಗಿ ಬಗ್ಗಿ ಸೊಂಟ ನೋವು ಮಾಡ್ಕೊಂಡೋರು ಕಾಣ್ತಾರೆ.

ಸದ್ಯಕ್ಕೆ ನನ್ನ ತಲೆ ತುಂಬಿರೋದು 2027. ಅಂಗಡಿಗಳ ಬಿಲ್ಲಿಂಗ್ ಕೌಂಟರುಗಳು ಆ ವರ್ಷದ ಕೊನೆಯೊಳಗೆ ಗೆರೆಗಳ ಬಾರ್‌ಕೋಡಿನ ಜೊತೆ ಕ್ಯೂಆರ್ ಥರದ ಚೌಕದ 2ಡಿ ಕೋಡುಗಳನ್ನೂ ಓದೋ ಹಾಗೆ ಆಗ್ಬೇಕು ಅಂತ ಜಿಎಸ್1 ಗುರಿ ಇಟ್ಕೊಂಡಿದೆ. ಚೌಕದೊಳಗೆ ಬ್ಯಾಚ್ ನಂಬರು, ಎಕ್ಸ್‌ಪೈರಿ ದಿನಾಂಕ ಕೂಡ ಹಿಡಿಸತ್ತೆ, ಅಂದ್ರೆ ಅವಧಿ ಮೀರಿದ ಔಷಧಿನೋ ಹಾಲಿನ ಪುಡಿನೋ ಬಿಲ್ಲಿಂಗ್ ಕೌಂಟರಲ್ಲೇ ನಿಂತುಹೋಗೋ ಹಾಗೆ ಮಾಡಬಹುದು, ಇದು ನಂಗೆ ನಿಜಕ್ಕೂ ಖುಷಿ ಕೊಡೋ ವಿಷಯ. ಎಲ್ರೂ ಓದೋ ಕಡೆಯ ಸಾಫ್ಟ್‌ವೇರ್ ಬಗ್ಗೆ ಮಾತಾಡ್ತಿದಾರೆ. ನಂಗೆ ಅಚ್ಚು ಹಾಕೋ ಕಡೆ ಯೋಚನೆ. ಗೆರೆಗಳ ಬಾರ್‌ಕೋಡು ಎಲ್ಲಾ ಪ್ಯಾಕೆಟ್ಟಿಗೂ ಒಂದೇ, ಹಾಗಾಗಿ ಪ್ಯಾಕಿಂಗಿನ ಚಿತ್ರದ ಜೊತೆಗೇ ಮೊದಲೇ ಅಚ್ಚಾಗಿ ಬರತ್ತೆ. ಬ್ಯಾಚ್ ಮತ್ತೆ ದಿನಾಂಕ ದಿನದಿನಕ್ಕೂ ಬದಲಾಗೋದ್ರಿಂದ ಆ ಚೌಕವನ್ನ ತುಂಬಿಸೋ ಲೈನಲ್ಲೇ, ಪ್ಯಾಕೆಟ್ ಓಡ್ತಾ ಇರೋವಾಗಲೇ ಹಾಕ್ಬೇಕು. ಈಗ ಆ ಜಾಗದಲ್ಲಿ ದಿನಾಂಕ ಒತ್ತೋ ಪ್ರಿಂಟರುಗಳ ಅಕ್ಷರ ಎಷ್ಟು ಸಲ ಮಸುಕಾಗಿರತ್ತೆ ಅನ್ನೋದನ್ನ ನೀವೂ ನೋಡಿರ್ತೀರ, ಮನುಷ್ಯರ ಕಣ್ಣು ಹೇಗೋ ಓದ್ಕೊಳ್ಳತ್ತೆ, ಸ್ಕ್ಯಾನರ್ ಓದತ್ತಾ? ಒಂದು ಪ್ಯಾಕಿಂಗ್ ಲೈನ್ ನೋಡೋಕೆ ಅವಕಾಶ ಕೇಳಿದೀನಿ, ಒಪ್ಪಿದಾರೆ. ಪ್ರಿಂಟರ್ ಹೆಡ್ಡನ್ನ ದಿನಾ ಒರೆಸೋರು ಯಾರೋ ಅವ್ರ ಜೊತೆ ಮಾತಾಡ್ಬೇಕು, ಲೈನಿನ ಸ್ಪೀಡ್ ಜಾಸ್ತಿ ಮಾಡಿದಾಗ ಅಚ್ಚು ಎಲ್ಲಿಂದ ಕೆಡೋಕೆ ಶುರುವಾಗತ್ತೆ, ಪ್ಯಾಕೆಟ್ ಅಲ್ಲಾಡಿದ್ರೆ ಏನಾಗತ್ತೆ, ಕೆಟ್ಟ ಅಚ್ಚು ಯಾರ ಕಣ್ಣಿಗೆ ಮೊದಲು ಬೀಳತ್ತೆ, ಬಿದ್ದಾಗ ಲೈನ್ ನಿಲ್ಲಿಸೋ ಅಧಿಕಾರ ಅವ್ರಿಗೆ ಇದೆಯಾ ಅಂತ ಕೇಳ್ಬೇಕು. ನಿಮ್ಮಲ್ಲಿ ಯಾರಾದ್ರೂ ಅಂಥ ಲೈನಲ್ಲಿ ಕೆಲಸ ಮಾಡ್ತಿದ್ರೆ ಇನ್ನೇನು ಕೇಳ್ಬೇಕು ಅಂತ ಹೇಳಿ, ಬರ್ಕೊಂಡು ಹೋಗ್ತೀನಿ.